ವಾಲಿದ ಏಳು

ಮೂರು ಇಂಜಿನ್‌ಗಳ ಫೋಟೋಗಳನ್ನು ಟ್ರೀನಾ ಅಡುಗೆಮನೆಯ ಮೇಜಿನ ಮೇಲೆ ಇಸ್ಪೀಟೆಲೆಯ ಹಾಗೆ ಸಾಲಾಗಿ ಹರಡಿದಳು. "ವರ್ಜ್ ಅಂಕಲ್, ಇದ್ರಲ್ಲಿ ಒಂದನ್ನ ನೀವೇ ಆರಿಸ್ಬೇಕು. ನೀವು ಹೇಳಿದ್ದೇ ಕೊನೆ ಮಾತು ಅಂತ ಅಪ್ಪ ಹೇಳ್ಬಿಟ್ಟಿದ್ದಾರೆ" ಎಂದಳು. ಎದುರಿಗೆ ಕೂತಿದ್ದ ನನ್ನ ತಮ್ಮ ಡ್ಯೂಯಿ, ನಡುಗುವ ಬಲಗೈಯನ್ನು ಎಡಗೈಯಿಂದ ಒತ್ತಿ ಹಿಡಿದುಕೊಂಡು, ಹೌದೆನ್ನುವಂತೆ ತಲೆಯಾಡಿಸಿದ. ನನಗೆ ಎದ್ದು ಮನೆಗೆ ಹೋಗಿಬಿಡೋಣ ಅನ್ನಿಸಿತು. ಆದರೆ ತಟ್ಟೆಯಲ್ಲಿ ಅರ್ಧ ತಿಂದ ಕೋನಿ ಡಾಗ್, ಸಾಸೇಜು ತುಂಬಿದ ಬನ್ನು, ಇತ್ತು. ಎಪ್ಪತ್ತೇಳು ವರ್ಷದವನು ತಟ್ಟೆ ಬಿಟ್ಟು ಓಡಿದರೆ ಕಾರಣ ಹೇಳಬೇಕಾಗುತ್ತದೆ. ಕಾರಣ ಹೇಳದೆಯೇ ನಲವತ್ತೊಂದು ವರ್ಷ ತಳ್ಳಿದವನು ನಾನು.

ಕಾರು ಡ್ಯೂಯಿಯದು. 1970ರ ಶೆವೆಲ್, ಕಡುನೀಲಿ, ಬಾನೆಟ್ಟಿನ ಮೇಲೆ ಎರಡು ಅಗಲ ಬಿಳಿ ಪಟ್ಟೆ. ಕಾರು ಫ್ಯಾಕ್ಟರಿಗಳ ನಮ್ಮ ಫ್ಲಿಂಟ್ ಊರಿನಲ್ಲಿ ಆ ಕಾಲದ ಹುಡುಗರಿಗೆ ಸಂಬಳ ಬಂದ ಕೂಡಲೇ ಎರಡು ಆಸೆ: ಒಂದು ಹುಡುಗಿ, ಒಂದು ಇಂಥ ಕಾರು. ಡ್ಯೂಯಿಗೆ ಮೊದಲು ಕಾರು ಸಿಕ್ಕಿತು, ಕಾರಿನಿಂದ ಹುಡುಗಿ ಸಿಕ್ಕಿದಳು, ಆ ಹುಡುಗಿಯಿಂದ ಈ ಟ್ರೀನಾ. ಅವಳ ತಾಯಿ ಹೋಗಿ ಆರು ವರ್ಷವಾಯಿತು. ಟ್ರೀನಾ ಹಗಲೆಲ್ಲ ಶಾಲೆಯ ಬಸ್ಸು ಓಡಿಸಿ, ಎರಡು ಚಳಿಗಾಲ ಗ್ಯಾರೇಜಿನಲ್ಲಿ ಹೀಟರ್ ಹಚ್ಚಿಕೊಂಡು, ತುಕ್ಕು ಹಿಡಿದ ತಗಡನ್ನು ಕತ್ತರಿಸಿ ಹೊಸ ತಗಡು ಬೆಸುಗೆ ಹಾಕಿ ಕಾರನ್ನು ನಿಲ್ಲಿಸಿದ್ದಳು. ಸೀಟು, ಗಾಜು, ಬಣ್ಣ ಎಲ್ಲ ಆಗಿತ್ತು. ಬಾನೆಟ್ ಎತ್ತಿದರೆ ಮಾತ್ರ ಒಳಗೆ ಖಾಲಿ ಗುಂಡಿ.

ಡ್ಯೂಯಿಯ ಕೈ ಹೋದ ವರ್ಷಕ್ಕಿಂತ ಈ ವರ್ಷ ಹೆಚ್ಚು ನಡುಗುತ್ತಿತ್ತು. ಅಕ್ಟೋಬರಿನಲ್ಲಿ ಲೈಸೆನ್ಸ್ ಮುಗಿಯುತ್ತದೆ, ಮತ್ತೆ ಕೊಡುವುದಕ್ಕೆ ತಾನು ಸಹಿ ಹಾಕುವುದಿಲ್ಲ ಎಂದು ಡಾಕ್ಟರು ಮುಖದ ಮೇಲೆ ಹೇಳಿದ್ದರು. ಇದ್ದದ್ದು ಒಂದೇ ಆಸೆ. ಆಗಸ್ಟಿನಲ್ಲಿ ಸ್ಯಾಗಿನಾ ಬೀದಿಯ ಹಾಸು ಇಟ್ಟಿಗೆಗಳ ಮೇಲೆ ಹಳೇ ಕಾರುಗಳೆಲ್ಲ ಬರುವ ದಿನ ತಾನೇ ಸ್ಟೀರಿಂಗ್ ಹಿಡಿದು ಒಂದು ಸಲ ಆ ಬೀದಿಯ ಉದ್ದಕ್ಕೂ ಹೋಗಬೇಕು.

"ಪಕ್ಕದ ಸೀಟು ನಿಂದು" ಎಂದು ನನಗೆ ಹೇಳಿದ್ದ. "ಟ್ರೀನಾ ಹಿಂದೆ ಕೂತ್ಕೊಳ್ಲಿ. ಕಾಲು ಚಿಕ್ಕದು, ಹಿಡಿಸುತ್ತೆ."

ಸರಿ, ಆ ಮೂರು ಫೋಟೋ. ಮೊದಲನೆಯದು ಕೆಟಲಾಗಿನಿಂದ ತರಿಸುವ ಹೊಸ ಇಂಜಿನ್. ಪೆಟ್ಟಿಗೆಯಲ್ಲಿ ಬರುತ್ತದೆ, ಕೂರಿಸಿದರೆ ಓಡುತ್ತದೆ, ತಕರಾರಿಲ್ಲ. ಎರಡನೆಯದು ಕಾರು ಓಡಿಸುವುದನ್ನು ಬಿಡುವ ಮೊದಲು ಅದರಲ್ಲಿದ್ದ ಸಣ್ಣ ಇಂಜಿನ್, ಯಾವುದೋ ಜಜ್ಜಿಹೋದ ಸ್ಟೇಷನ್ ವ್ಯಾಗನ್ನಿನದು. ಅದನ್ನೇ ರಿಪೇರಿ ಮಾಡಿ ಹಾಕಬಹುದು. ಮೂರನೆಯದು ಓಹಾಯೋದ ಗುಜರಿಯೊಂದರಲ್ಲಿ ಸಿಕ್ಕ, ಕಾರಿನ ಅಸಲಿ ಇಂಜಿನ್ನಿನದೇ ವರ್ಷದ, ಅದೇ ಜಾತಿಯ ದೊಡ್ಡ ವಿ-ಎಂಟು ಇಂಜಿನ್. ಅದನ್ನು ಹಾರ್ಲನ್ ಎಂಬ ದಲ್ಲಾಳಿ ಹುಡುಕಿ ತಂದಿದ್ದ. ಅವನೂ ಮೇಜಿನ ತುದಿಯಲ್ಲಿ ಕೂತು ನಮ್ಮದೇ ವರ್ನರ್ಸ್ ಶುಂಠಿ ಸೋಡಾ ಕುಡಿಯುತ್ತಿದ್ದ.

"ಇಂಜಿನ್ ಬ್ಲಾಕ್ ಮೇಲೆ ಯಾವನದೋ ಕಾರಿನ ನಂಬರ್ ಇದೆ" ಎಂದ ಹಾರ್ಲನ್. "ಅದನ್ನ ಉಜ್ಜಿ, ನಿಮ್ಮ ಕಾರಿನ ನಂಬರ್ ಹೊಡೆಸ್ಕೊಡ್ತೀನಿ. ಹಳೇ ಕಾಲದ ಅಚ್ಚಲ್ಲೇ. ಟಾರ್ಚ್ ಹಾಕ್ಕೊಂಡು ನೋಡಿದ್ರೂ ಗೊತ್ತಾಗಲ್ಲ. ಕಾರಿಗೂ ಇಂಜಿನ್ನಿಗೂ ಒಂದೇ ನಂಬರ್ ಇದ್ರೇನೇ ಅಸಲಿ ಅಂತ ಬೆಲೆ. ಎಲ್ಲಾರೂ ಮಾಡ್ತಾರೆ ಸ್ವಾಮಿ."

ಡ್ಯೂಯಿ ಅವನನ್ನೇ ನೋಡಿದ. "ನನ್ನ ನಂಬರ್ ಹೊಡೆದವನು ಯಾರು ಅಂತ ಗೊತ್ತೇನಯ್ಯ ನಿಂಗೆ?"

"ಫ್ಯಾಕ್ಟರಿಯವರು."

"ನಾನು" ಎಂದ ಡ್ಯೂಯಿ.

ಆ ಕತೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಆದರೂ ಹಾರ್ಲನ್‌ಗಾಗಿ ಇನ್ನೊಂದು ಸಲ ಬಂತು. ಡ್ಯೂಯಿ ಆಗ ಫ್ಯಾಕ್ಟರಿಯಲ್ಲಿ ಜೋಡಣೆಯ ಸಾಲಿನಲ್ಲಿ ಕೆಲಸಕ್ಕಿದ್ದ. ಅವನ ಕೆಲಸವೇ ಅದು: ಯಾವ ಇಂಜಿನ್ ಯಾವ ಕಾರಿಗೋ ಆ ಕಾರಿನ ನಂಬರಿನ ಅಂಕಿಗಳ ಅಚ್ಚುಗಳನ್ನು ಉಕ್ಕಿನ ಹಿಡಿಯೊಂದರಲ್ಲಿ ಜೋಡಿಸಿ, ಇಂಜಿನ್ನಿನ ಮುಂಬದಿಯ ಬಲಮೂಲೆಯಲ್ಲಿ ಬೆರಳಗಲದ ಸಪಾಟು ಜಾಗದ ಮೇಲಿಟ್ಟು, ಸುತ್ತಿಗೆಯಿಂದ ಒಂದೇ ಏಟು. ದಿನಕ್ಕೆ ನೂರಾರು. ತಾನು ಬುಕ್ ಮಾಡಿದ ಕಾರಿನ ನಂಬರನ್ನು ಆಫೀಸಿನ ಗೆಳೆಯನಿಂದ ಮೊದಲೇ ತಿಳಿದುಕೊಂಡು, ಅದು ಬರುವ ದಿನ ಬೇರೆಯವನ ಪಾಳಿಯನ್ನು ಬೇಡಿ ತೆಗೆದುಕೊಂಡು, ಊಟಕ್ಕೂ ಏಳದೆ ನಿಂತಿದ್ದ. ಬಂತು. ಅಂಕಿ ಜೋಡಿಸುವಾಗ ಸೂಪರ್‌ವೈಸರ್ ಹಿಂದಿನಿಂದ ಬಂದ. ಡ್ಯೂಯಿ ಗಾಬರಿಯಲ್ಲಿ ಕೊನೆಯ ಏಳನ್ನು ಸರಿಯಾಗಿ ಕೂರಿಸಲಿಲ್ಲ. ಏಟು ಬಿತ್ತು. ಏಳು ಕುಡಿದವನ ಹಾಗೆ ಪಕ್ಕದ ಮೂರರ ಮೇಲೆ ವಾಲಿಕೊಂಡಿತು.

"ಊರಲ್ಲಿ ಸಾವಿರ ಶೆವೆಲ್ ಇದ್ರೂ ನಂದು ಯಾವುದು ಅಂತ ಕತ್ತಲಲ್ಲೂ ಬೆರಳಲ್ಲಿ ಮುಟ್ಟಿ ಹೇಳ್ತಿದ್ದೆ" ಎಂದ ಡ್ಯೂಯಿ. "ಈಗ ಬೇರೆಯವನ ಇಂಜಿನ್ ಮೇಲೆ ಬೇರೆಯವನ ಕೈಲಿ ನನ್ನ ನಂಬರ್ರಾ? ಬೇಡಪ್ಪ."

"ಹಾಗಾದ್ರೆ ಅಸಲಿ ಇಂಜಿನ್ ಏನಾಯ್ತು?" ಹಾರ್ಲನ್ ಕೇಳಿದ.

"ಬಿರುಕು ಬಿಟ್ಟಿತ್ತು. ಎಂಬತ್ತೆರಡರಲ್ಲಿ. ನಮ್ಮಣ್ಣನೇ ನೋಡಿ ಹೇಳಿದ್ದು. ಫ್ಲಿಂಟಲ್ಲಿ ಇವನಿಗಿಂತ ಒಳ್ಳೇ ಕೆಲಸಗಾರ ಇರ್ಲಿಲ್ಲ. ಇವನು ಬಿರುಕು ಅಂದ್ರೆ ಬಿರುಕು."

ನಾನು ಕೋನಿ ಡಾಗನ್ನು ಬಾಯಿಗೆ ತುರುಕಿಕೊಂಡೆ.

ಬಿರುಕು ಇರಲಿಲ್ಲ. ಕೂದಲೆಳೆಯಷ್ಟೂ ಇರಲಿಲ್ಲ. ಎಂಬತ್ತೆರಡರ ಮೇ ತಿಂಗಳು. ಡ್ಯೂಯಿಯನ್ನು ಕೆಲಸದಿಂದ ಮನೆಗೆ ಕಳಿಸಿದ್ದರು, ಅವನಂಥ ಸಾವಿರಾರು ಮಂದಿಯನ್ನು ಕಳಿಸಿದ್ದರು. ಕೂತು ಕೂತು ಹುಚ್ಚು ಹಿಡಿಯುತ್ತದೆಂದು ಇಂಜಿನ್ ಬಿಚ್ಚಿ, ಬ್ಲಾಕನ್ನು ನನ್ನ ವರ್ಕ್‌ಶಾಪಿಗೆ ತಂದಿಟ್ಟ. ಬ್ಲಾಕ್ ಅಂದರೆ ಇಂಜಿನ್ನಿನ ಎರಕದ ಒಡಲು, ಸಿಲಿಂಡರ್‌ಗಳೆಲ್ಲ ಇರುವುದು ಅದರಲ್ಲೇ. ವರ್ಷಗಟ್ಟಲೆ ಕಾದು ತಣ್ಣಗಾಗಿ ಅದರ ಮೇಲ್ಮೈ ಸೊಟ್ಟಗಾಗಿರುತ್ತದೆ. ಯಂತ್ರಕ್ಕೆ ಕೊಟ್ಟು ಕಾಗದದಷ್ಟು ತೆಳುವಾದ ಪದರವನ್ನು ಉಜ್ಜಿ ತೆಗೆದು ಸಪಾಟು ಮಾಡಬೇಕು. ತೊಂದರೆ ಏನೆಂದರೆ ನಂಬರ್ ಇರುವ ಆ ಮೂಲೆಯೂ ಅದೇ ಮಟ್ಟದಲ್ಲಿರುತ್ತದೆ. ಕಟರನ್ನು ಕೊನೆಯವರೆಗೆ ಬಿಟ್ಟರೆ ನಂಬರ್ ಮಾಯ. ಅಲ್ಲಿಗೆ ಬರುವ ಮೊದಲು ನಿಲ್ಲಿಸಿ ಎತ್ತಬೇಕು.

ಆ ಕಾಲದಲ್ಲಿ ಯಾರೂ ನಿಲ್ಲಿಸುತ್ತಿರಲಿಲ್ಲ. ನಂಬರ್ ಯಾರಿಗೆ ಬೇಕಿತ್ತು? ಇಂಜಿನ್ ಒಡೆದರೆ ಇನ್ನೊಂದು ಹಾಕುವುದು, ರೇಸಿಗೆ ಹೋಗುವುದು, ಅಷ್ಟೆ. ಇವತ್ತು ಆ ಆರು ಅಂಕಿಗೆ ಪೂಜೆ ಮಾಡುವವರು ಅವತ್ತು ಅದರ ಮೇಲೆ ಸಿಗರೇಟು ಆರಿಸುತ್ತಿದ್ದರು. ನನಗಂತೂ ಅರ್ಧ ದಾರಿಯಲ್ಲಿ ಕಟರ್ ಎತ್ತುವುದೆಂದರೆ ಅಸಹ್ಯ. ಮೇಲ್ಮೈ ಮೇಲೆ ಮೆಟ್ಟಿಲು ಉಳಿಯುತ್ತದೆ, ಕಲಿಯುವವನ ಕೆಲಸದ ಹಾಗೆ ಕಾಣುತ್ತದೆ. ಡ್ಯೂಯಿಗೆ ನನ್ನ ಈ ಶೋಕಿ ಗೊತ್ತಿತ್ತು. ಅದಕ್ಕೇ ನಂಬರಿನ ಮೇಲೆ ಬಿಳಿ ಟೇಪು ಅಂಟಿಸಿ, ಪೆನ್ನಲ್ಲಿ "ವರ್ಜ್, ಮುಟ್ಟಬೇಡ" ಎಂದು ಬರೆದು ಹೋಗಿದ್ದ.

ಯಂತ್ರದ ಮೇಲೆ ಕೂರಿಸುವಾಗ ಆ ಟೇಪನ್ನು ನಾನೇ ಕಿತ್ತೆ. ಕಟರಿಗೆ ಸಿಕ್ಕಿ ಅಂಟಾಗುತ್ತದೆ ಎಂದು. ನೆನಪಿರುತ್ತದೆ ಬಿಡು ಎಂದುಕೊಂಡೆ. ಟೇಪನ್ನು ನನ್ನ ಏಪ್ರನ್ ಜೇಬಿಗೆ ಅಂಟಿಸಿಕೊಂಡೆ. ಎಡಬದಿ ಮುಗಿಸಿದೆ, ಊಟ ಮಾಡಿದೆ, ರೇಡಿಯೋದಲ್ಲಿ ಬೇಸ್‌ಬಾಲ್ ಕಾಮೆಂಟರಿ ಹಾಕಿಕೊಂಡು ಬಲಬದಿಗೆ ಕೈಯಿಟ್ಟೆ. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಈ ತುದಿಯಿಂದ ಆ ತುದಿಗೆ, ಒಂದೇ ಸಮ. ಚೂರುಗಳನ್ನು ಗುಡಿಸಿ ಬೆಳಕಿಗೆ ಹಿಡಿದು ನೋಡಿದೆ. ಕನ್ನಡಿಯ ಹಾಗಿತ್ತು. ನನ್ನ ಕೆಲಸಕ್ಕೆ ನಾನೇ ಒಂದು ಗಳಿಗೆ ಹಿಗ್ಗಿದೆ, ಸುಳ್ಳೇಕೆ ಹೇಳಲಿ. ಆಮೇಲೆ ಏಪ್ರನ್ನಿನ ಮೇಲಿನ ಬಿಳಿ ಟೇಪು ಕಣ್ಣಿಗೆ ಬಿತ್ತು.

ಫೋನ್ ಮಾಡಬೇಕಿತ್ತು. ರಿಸೀವರ್ ಎತ್ತಿದೆ ಕೂಡ. ಕೆಲಸ ಹೋದವನು, ಮನೆಯಲ್ಲಿ ಆರು ವರ್ಷದ ಮಗು ಇರುವವನು, ಅವನಿಗೆ ಉಳಿದಿದ್ದ ಒಂದೇ ಹೆಮ್ಮೆಯನ್ನು ನಾನು ಗುಡಿಸಿ ಡಬ್ಬಕ್ಕೆ ಹಾಕಿದ್ದೆ. ಹೇಗೆ ಹೇಳಲಿ? ಎರಡು ದಿನ ಹಾಗೇ ಕಳೆದೆ. ಮೂರನೇ ದಿನ ಅವನೇ ಬಂದು "ಎಲ್ಲಿಗೆ ಬಂತು?" ಎಂದಾಗ ನನ್ನ ಬಾಯಿಂದ ಬಂದದ್ದು: "ಬ್ಲಾಕ್ ಬಿರುಕು ಬಿಟ್ಟಿದೆ ಡ್ಯೂಯಿ. ಏನೂ ಮಾಡಕ್ಕಾಗಲ್ಲ. ಗುಜರಿಯವನು ತಗೊಂಡ್ ಹೋದ." ಅಷ್ಟು ಸಲೀಸಾಗಿ ಬಂತು. ಆ ವ್ಯಾಗನ್ನಿನ ಇಂಜಿನ್ನನ್ನು ದುಡ್ಡು ತೆಗೆದುಕೊಳ್ಳದೆ ಕೂರಿಸಿಕೊಟ್ಟೆ. ಅವನು ನನ್ನ ಹೆಗಲ ಮೇಲೆ ಕೈಯಿಟ್ಟು, "ನೀನಿಲ್ದಿದ್ರೆ ಏನ್ ಮಾಡ್ತಿದ್ದೆ ವರ್ಜ್" ಎಂದ. ಬೈದಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆನೋ ಏನೋ.

ಎರಡು ಬೇಸಿಗೆ ಓಡಿಸಿದ. ಆಮೇಲೆ, "ಯಾಕೋ ಇದು ನನ್ನ ಕಾರು ಅನ್ಸಲ್ಲ ಕಣೋ" ಎಂದು ಗ್ಯಾರೇಜಿಗೆ ತಳ್ಳಿ ಟಾರ್ಪಾಲು ಹೊದಿಸಿದ. ಬ್ಲಾಕ್ ಗುಜರಿಗೆ ಹೋಗಲಿಲ್ಲ. ನನ್ನ ವರ್ಕ್‌ಶಾಪಿನ ಹಿಂದಿನ ಮೂಲೆಯಲ್ಲಿ ಅದಕ್ಕೂ ಒಂದು ಟಾರ್ಪಾಲು ಇತ್ತು. ಬಿಸಾಡಲು ಮನಸ್ಸಿಲ್ಲ, ಕೊಡಲು ಮುಖವಿಲ್ಲ. ಪ್ರತಿ ನವೆಂಬರಿನಲ್ಲಿ ಜಿಂಕೆ ಬೇಟೆ ಶುರುವಾಗುವ ದಿನ, ಊರ ಗಂಡಸರೆಲ್ಲ ಕಾಡಿಗೆ ಹೋದಾಗ, ನಾನು ಶಟರ್ ಎಳೆದುಕೊಂಡು ಅದಕ್ಕೆ ಎಣ್ಣೆ ಸವರುತ್ತಿದ್ದೆ. ಬಂದೂಕು ಹಿಡಿಯಲು ನನಗೆ ಸೊಂಟನೋವು ಎಂದು ಎಲ್ಲರೂ ತಿಳಿದಿದ್ದರು. ಹೆಂಡತಿಗೂ ಹೇಳಿರಲಿಲ್ಲ, ಅವಳು ಅದೇ ಸೊಂಟಕ್ಕೆ ಬಿಸಿನೀರಿನ ಚೀಲ ಕೊಡುತ್ತಿದ್ದಳು.

ಮತ್ತೆ ಆ ಅಡುಗೆಮನೆಗೆ ಬರುತ್ತೇನೆ. ಹಾರ್ಲನ್ ತನ್ನ ಫೋಟೋ ಎತ್ತಿಕೊಂಡು ಎದ್ದು ಹೋದ. ಟ್ರೀನಾ ನನ್ನ ಮುಖ ನೋಡಿದಳು. "ಹಾಗಾದ್ರೆ ಹೊಸದೇ ತರಿಸೋಣ್ವಾ ಅಂಕಲ್?"

"ಬೇಡ" ಎಂದೆ. "ನನ್ನ ಹತ್ರ ಒಂದು ಹಳೇ ಬ್ಲಾಕ್ ಬಿದ್ದಿದೆ. ಅದೇ ಜಾತಿದು. ನಂಬರ್ ಗಿಂಬರ್ ಇಲ್ಲ. ಗಟ್ಟಿಯಾಗಿದೆ."

"ಎಲ್ಲಿಂದ ಬಂತು?" ಎಂದ ಡ್ಯೂಯಿ.

"ಯಾರದೋ. ತಗೊಂಡು ಹೋಗಕ್ಕೆ ಬರ್ಲೇ ಇಲ್ಲ."

ಕಾರಿಗೆ ಅದರ ಇಂಜಿನ್ ಸೇರುತ್ತದೆ, ಡ್ಯೂಯಿ ಆಸೆ ತೀರುತ್ತದೆ, ನಾನು ಬಾಯಿ ಬಿಡಬೇಕಾಗಿಯೂ ಇಲ್ಲ. ಇದಕ್ಕಿಂತ ಒಳ್ಳೆ ದಾರಿ ಇಲ್ಲ ಎಂದು ಕಾರು ಓಡಿಸಿಕೊಂಡು ಮನೆಗೆ ಬರುವಾಗ ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ. ಎಂಥ ನಾಚಿಕೆಗೇಡಿ ಮನುಷ್ಯ ನಾನು ಎಂದು ಈಗ ಬರೆಯುವಾಗ ಅನ್ನಿಸುತ್ತಿದೆ. ಅವತ್ತು ಅನ್ನಿಸಲಿಲ್ಲ.

ಎರಡು ತಿಂಗಳು ಆ ಇಂಜಿನ್ನಿಗೆ ಕೂತೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಎನ್ನುತ್ತಾರಲ್ಲ, ಹಾಗೆ. ವರ್ಕ್‌ಶಾಪು ಮುಚ್ಚಿ ಹತ್ತು ವರ್ಷವಾಗಿತ್ತು, ಯಂತ್ರಗಳನ್ನು ಮಾತ್ರ ಮಾರಿರಲಿಲ್ಲ. ಟ್ರೀನಾ ಶನಿವಾರಗಳಂದು ಅಪ್ಪನನ್ನು ಕರೆತಂದು ಕುರ್ಚಿಯಲ್ಲಿ ಕೂರಿಸಿ, ತಾನೂ ತೋಳು ಮಡಚಿ ನಿಲ್ಲುತ್ತಿದ್ದಳು. ಡ್ಯೂಯಿ ಕೂತಲ್ಲಿಂದಲೇ ಕಾಲೆಳೆಯುತ್ತಿದ್ದ. "ನಿಧಾನ ಮಾಡೋ ಮುದುಕ, ಬೋಲ್ಟಿಗೆ ನೋವಾಗುತ್ತೆ." "ನೋಡು ಟ್ರೀನಾ, ಅಳತೆ ತಗೊಳ್ಳೋವಾಗ ನಾಲಿಗೆ ಆಚೆ ಬರುತ್ತೆ. ಹುಟ್ಟಿದಾಗಿಂದ ಹೀಗೇ."

ಒಂದು ಶನಿವಾರ ಎದ್ದು ಬಂದು ಬ್ಲಾಕಿನ ಹಿಂಬದಿಯನ್ನು ಬೆರಳಿಂದ ತಡವಿದ. ಅಲ್ಲಿ ಎರಕ ಹೊಯ್ದ ದಿನಾಂಕ ಉಬ್ಬಿಕೊಂಡಿರುತ್ತದೆ, ಅದನ್ನು ಯಾವ ಕಟರೂ ಮುಟ್ಟುವುದಿಲ್ಲ. ನಾನು ಅದನ್ನು ಮರೆತೇಬಿಟ್ಟಿದ್ದೆ.

"ಮಾರ್ಚ್ ಹನ್ನೆರಡು, ಎಪ್ಪತ್ತು!" ಅವನ ದನಿ ಹುಡುಗನ ದನಿಯಾಯಿತು. "ವರ್ಜ್! ನಂದೂ ಅದೇ ದಿನದ್ದು ಕಣೋ! ಅದೇ ಮಾರ್ಚ್ ಹನ್ನೆರಡು! ಇದು ನನ್ನ ಇಂಜಿನ್ನಿನ ಒಡಹುಟ್ಟಿದ್ದು. ಒಂದೇ ಕುಲುಮೆ, ಒಂದೇ ದಿನ. ಏನ್ ಅದೃಷ್ಟ ನೋಡು ನಂದು!"

ಟ್ರೀನಾ ಅಪ್ಪನನ್ನು ತಬ್ಬಿಕೊಂಡಳು. ನಾನು ಚಿಂದಿಬಟ್ಟೆಯಿಂದ ಒರೆಸಿದ ಪಾನಾವನ್ನೇ ಮತ್ತೆ ಒರೆಸಿದೆ. ಹೇಳಿಬಿಡು, ಹೇಳಿಬಿಡು ಎಂದು ಒಳಗೆ ಯಾರೋ ಗುದ್ದುತ್ತಿದ್ದರು. ಆದರೆ ಅವನು ಅಷ್ಟು ಸಂತೋಷವಾಗಿದ್ದ. ಸಂತೋಷ ಕೆಡಿಸಬಾರದು ಎಂದು ಸುಮ್ಮನಾದೆ. ಸುಮ್ಮನಾಗುವುದಕ್ಕೆ ನನಗೆ ಯಾವತ್ತೂ ಒಂದು ಒಳ್ಳೆಯ ಕಾರಣ ಸಿಕ್ಕಿಬಿಡುತ್ತದೆ.

ಜುಲೈ ಕೊನೆಯಲ್ಲಿ ಕಾರನ್ನು ನನ್ನ ವರ್ಕ್‌ಶಾಪಿಗೆ ಎಳೆತಂದು ಇಂಜಿನ್ನನ್ನು ಅದರೊಳಗೆ ಇಳಿಸಿದೆವು. ಬೆಳಗ್ಗೆ ಹತ್ತು ಗಂಟೆ. ಡ್ಯೂಯಿ ಸ್ಟೀರಿಂಗಿನ ಹಿಂದೆ ಕೂತ. ಕೀಲಿ ತಿರುಗಿಸಲು ಎರಡು ಕೈ ಬೇಕಾಯಿತು. ಎರಡು ಸಲ ಕೆಮ್ಮಿ ಮೂರನೇ ಸಲಕ್ಕೆ ಹೊತ್ತಿಕೊಂಡಿತು. ಬೆಂಚಿನ ಮೇಲಿದ್ದ ಡಬ್ಬಗಳೆಲ್ಲ ಗಲಗಲ ಅಲುಗಿದವು. ಟ್ರೀನಾ ಕಿವಿ ಮುಚ್ಚಿಕೊಂಡು ನಗುತ್ತಾ ಕುಣಿದಳು. ಅಪ್ಪನ ಮುಖ ನೋಡಿ ಕುಣಿಯುವುದನ್ನು ನಿಲ್ಲಿಸಿದಳು.

ಡ್ಯೂಯಿ ಕಣ್ಣು ಮುಚ್ಚಿ ಕೇಳುತ್ತಿದ್ದ. ತುಂಬಾ ಹೊತ್ತು ಕೇಳಿದ. ನಾನು ಕಿಟಕಿಗೆ ಬಗ್ಗಿದೆ. "ಏನಾಯ್ತೋ?"

"ಏನಿಲ್ಲ. ಚೆನ್ನಾಗಿದೆ. ತುಂಬಾ ಚೆನ್ನಾಗಿದೆ." ಕೆನ್ನೆ ಒದ್ದೆಯಾಗಿತ್ತು. "ನನ್ನದರ ದನಿ ಹೇಗಿತ್ತು ಅಂತ ನೆನಪು ಮಾಡ್ಕೊಳ್ತಿದ್ದೆ ವರ್ಜ್. ಬರ್ತಾ ಇಲ್ಲ. ಹೀಗೇ ಇತ್ತಾ, ಬೇರೆ ಥರ ಇತ್ತಾ, ಹೇಳಕ್ಕೇ ಆಗ್ತಿಲ್ಲ. ಅದರ ದನೀನೇ ಮರೆತೋಗಿದೆ ನನಗೆ."

ಅದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

"ಇದೇ ಡ್ಯೂಯಿ. ಇದೇ ನಿಂದು."

"ಒಡಹುಟ್ಟಿದ್ದು ಅಂತ ನಾನೇ ಹೇಳಿದ್ನಲ್ಲ."

"ಒಡಹುಟ್ಟಿದ್ದಲ್ಲ. ಇದೇ ಅದು. ಬಿರುಕು ಇರ್ಲಿಲ್ಲ. ನಾನು ನಂಬರ್ ಉಜ್ಜಿಬಿಟ್ಟಿದ್ದೆ. ಟೇಪು ಕಿತ್ತು, ಮರೆತು, ಕೊನೇವರೆಗೂ ಉಜ್ಜಿಬಿಟ್ಟೆ. ನಿನಗೆ ಹೇಳಕ್ಕೆ ಮುಖ ಇರ್ಲಿಲ್ಲ. ಇಷ್ಟು ವರ್ಷ ಇಲ್ಲೇ ಇತ್ತು, ಆ ಮೂಲೇಲಿ."

ಡ್ಯೂಯಿ ಕೀಲಿ ತಿರುಗಿಸಿ ಇಂಜಿನ್ ನಿಲ್ಲಿಸಿದ. ಈ ಸಲ ಒಂದೇ ಕೈ ಸಾಕಾಯಿತು. ಟ್ರೀನಾ ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದಳು. ಅವನು ಬಾಗಿಲು ಹಿಡಿದು ಇಳಿದು, ಕಾರಿನ ಮೈ ಹಿಡಿದುಕೊಂಡೇ ಮುಂದಕ್ಕೆ ಬಂದು, ಬಾನೆಟ್ ಕೆಳಗೆ ಕೈ ಚಾಚಿ ಆ ಮೂಲೆಯನ್ನು ಹುಡುಕಿದ. ಬೆರಳಿಗೆ ಜಾಗ ನೆನಪಿತ್ತು. ಹಿಂದೆ ಮುಂದೆ ಸವರಿದ.

"ಎಷ್ಟು ನುಣುಪು" ಎಂದ. "ಒಳ್ಳೇ ಕೈ ನಿಂದು, ಯಾವತ್ತೂ."

ಅವನು ನನ್ನ ಕೆನ್ನೆಗೆ ಹೊಡೆದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

"ಟ್ರೀನಾ, ಮನೇಗೆ ಹೋಗಿ ಗ್ಯಾರೇಜಲ್ಲಿ ಮೇಲಿನ ಹಲಗೆ ಮೇಲಿರೋ ಕಾಫಿ ಡಬ್ಬ ತಗೊಂಡ್ಬಾ. ಕೆಂಪು ಮುಚ್ಚಳದ್ದು. ಭಾರ ಇರುತ್ತೆ."

ಅವಳು ಹೋಗಿ ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಅವನು ಕುರ್ಚಿಯಲ್ಲಿ ಕೂತಿದ್ದ, ನಾನು ಬೆಂಚಿಗೆ ಒರಗಿ ನಿಂತಿದ್ದೆ. ಎರಡು ಸಲ "ಡ್ಯೂಯಿ" ಎಂದೆ. ಎರಡು ಸಲವೂ ಅವನು ಮಾತು ಬೇಡವೆಂದು ಕೈ ಎತ್ತಿದ.

ಆ ಕಾಲದಲ್ಲಿ ನಮ್ಮೂರಲ್ಲಿ ಊಟದ ಡಬ್ಬಿಯಲ್ಲಿ ಫ್ಯಾಕ್ಟರಿಯೇ ಚೂರು ಚೂರಾಗಿ ಮನೆಗೆ ಬರುತ್ತಿತ್ತು. ಬೋಲ್ಟು, ಕೈಗವಸು, ಬಣ್ಣದ ಡಬ್ಬಿ. ಎಲ್ಲರ ಗ್ಯಾರೇಜಿನಲ್ಲೂ ಒಂದಿಷ್ಟು. ಡ್ಯೂಯಿಯ ಕಾಫಿ ಡಬ್ಬದೊಳಗೆ ಎಣ್ಣೆಬಟ್ಟೆಯಲ್ಲಿ ಸುತ್ತಿದ ಉಕ್ಕಿನ ಹಿಡಿ ಇತ್ತು, ಸೊನ್ನೆಯಿಂದ ಒಂಬತ್ತರವರೆಗಿನ ಅಚ್ಚುಗಳಿದ್ದವು, ಗಿಡ್ಡ ಸುತ್ತಿಗೆ ಇತ್ತು. ಒಂದಕ್ಕೂ ತುಕ್ಕಿಲ್ಲ.

"ಎಪ್ಪತ್ನಾಲ್ಕರಲ್ಲಿ ನನ್ನ ಜಾಗಕ್ಕೆ ಹೊಸ ಯಂತ್ರ ತಂದ್ರು. ಇದನ್ನ ಬಿಸಾಕ್ತಿದ್ರು, ನಾನು ಎತ್ಕೊಂಡ್ ಬಂದೆ" ಎಂದ. ಒಂದು ಅಚ್ಚು ಎತ್ತಿ ನನ್ನ ಅಂಗೈ ಮೇಲಿಟ್ಟ. ಏಳು. "ಇದೇ ಏಳು. ಇದರಲ್ಲೇ ಹೊಡೆದಿದ್ದು. ಅವತ್ತು ನೀನು ಒಂದು ಫೋನ್ ಮಾಡಿ 'ತಪ್ಪಾಯ್ತು ಕಣೋ' ಅಂದಿದ್ರೆ ಈ ಡಬ್ಬ ತಗೊಂಡು ಬರ್ತಿದ್ದೆ ವರ್ಜ್. ಐದು ನಿಮಿಷದ ಕೆಲಸ. ಏಳನ್ನೂ ಹಾಗೇ ವಾಲಿಸಿ ಹೊಡೀತಿದ್ದೆ. ಆಮೇಲೆ ಸಾಯೋ ತನಕ ನಿನ್ನ ಗೇಲಿ ಮಾಡ್ತಿದ್ದೆ, ಅಷ್ಟೇ ಆಗ್ತಿದ್ದಿದ್ದು."

ನಂಬರ್ ಹೋದದ್ದೇ ದೊಡ್ಡ ಪಾಪ ಎಂದು ನಲವತ್ತೊಂದು ವರ್ಷ ತಲೆ ಮೇಲೆ ಹೊತ್ತುಕೊಂಡು ತಿರುಗಿದ್ದೆ. ಅದು ಐದು ನಿಮಿಷದ ಕೆಲಸವಾಗಿತ್ತು.

ಡ್ಯೂಯಿ ಅಂಕಿಗಳನ್ನು ಹಿಡಿಯೊಳಗೆ ಜೋಡಿಸಲು ಹೊರಟ. ಮೊದಲನೆಯದು ಕೂತಿತು. ಎರಡನೆಯದು ಬೆರಳಿಂದ ಜಾರಿ ನೆಲಕ್ಕೆ ಬಿತ್ತು. ಟ್ರೀನಾ ಎತ್ತಿ ಕೊಟ್ಟಳು, ಮತ್ತೆ ಬಿತ್ತು. ಹೇಗೋ ಆರನ್ನೂ ಸೇರಿಸಿ ಎದ್ದು ಬಂದು ಮೂಲೆಯ ಮೇಲಿಟ್ಟಾಗ ಉಕ್ಕಿಗೆ ಉಕ್ಕು ತಾಗಿ ಟಕಟಕ ಟಕಟಕ ಎನ್ನತೊಡಗಿತು. ಒಂದೇ ಏಟಿನ ಕೆಲಸ ಅದು, ಒಂದು ಕೂದಲಷ್ಟು ಅಲುಗಿದರೂ ಎರಡೆರಡು ಅಂಕಿ ಮೂಡುತ್ತವೆ. ಸುತ್ತಿಗೆ ಎತ್ತಿದ. ಇಳಿಸಿದ. ಮತ್ತೆ ಎತ್ತಿದ.

"ನಾನು ಹಿಡ್ಕೋತೀನಿ, ನೀನು ಹೊಡಿ" ಎಂದು ನಾನು ಕೈ ಮುಂದೆ ಚಾಚಿದೆ.

"ನೀನು ಬೇಡ."

"ನಾನು ಹಿಡೀಲಾ ಅಪ್ಪ?" ಎಂದಳು ಟ್ರೀನಾ.

ಅವನು ಅವಳ ತಲೆ ಸವರಿದ. "ಬೇಡ ಮಗಳೇ. ಇದು ನನ್ನ ಕೆಲಸವಾಗಿತ್ತು. ಈಗ ಆಗಲ್ಲ. ಹಾಗೇ ಇರ್ಲಿ ಬಿಡು." ಅಂಕಿಗಳನ್ನು ಒಂದೊಂದಾಗಿ ಬಿಚ್ಚಿ ಡಬ್ಬಕ್ಕೆ ಹಾಕಿದ. ನನ್ನ ಅಂಗೈಯಲ್ಲಿದ್ದ ಏಳನ್ನು ಹಿಡಿಗೆ ಹಾಕುವಾಗ ನನ್ನ ಕಡೆ ನೋಡದೆ ತೆಗೆದುಕೊಂಡಿದ್ದ. ಅದನ್ನು ಕೊನೆಗೆ ಹಾಕಿ ಮುಚ್ಚಳ ಒತ್ತಿದ.

ಆಗಸ್ಟಿನಲ್ಲಿ ಸ್ಯಾಗಿನಾ ಬೀದಿಗೆ ನಾನೂ ಹೋದೆ. ಯಾರೂ ಕರೆಯಲಿಲ್ಲ, ಬರಬೇಡ ಎಂದೂ ಅನ್ನಲಿಲ್ಲ. ಎರಡೂ ಬದಿಗೆ ಬಾನೆಟ್ ಎತ್ತಿ ನಿಲ್ಲಿಸಿದ ಕಾರುಗಳು, ಮಡಚುವ ಕುರ್ಚಿಗಳಲ್ಲಿ ಕೂತ ನನ್ನಂಥ ಮುದುಕರು. ಡ್ಯೂಯಿಯ ಶೆವೆಲ್ ಮುಂದೆ ದಿನವಿಡೀ ಜನ. ಒಬ್ಬೊಬ್ಬರಾಗಿ ಬಂದು, ಬಣ್ಣ ಹೊಗಳಿ, ಆಮೇಲೆ ಜೇಬಿನಿಂದ ಟಾರ್ಚ್ ತೆಗೆದು ಆ ಮೂಲೆಗೆ ಬಿಟ್ಟು ನೋಡುವರು. ಬೋಳು ಜಾಗ ಕಂಡು ತುಟಿ ಸೊಟ್ಟ ಮಾಡುವರು.

"ಇಂಜಿನ್ ಅಸಲಿ" ಎಂದು ನಾನು ಪಕ್ಕದಲ್ಲಿ ನಿಂತು ಹೇಳುತ್ತಿದ್ದೆ. "ನಂಬರ್ ಉಜ್ಜಿದವನು ನಾನೇ. ನನ್ನ ಕೈಯಾರೆ."

"ಎಲ್ಲಾರೂ ಹೀಗೇ ಹೇಳೋದು ತಾತ" ಎಂದು ನಗುತ್ತಾ ಹೋದನೊಬ್ಬ. ಇನ್ನೊಬ್ಬ, "ನೀವು ಇವರ ಅಣ್ಣ ಅಲ್ವಾ? ಒಳ್ಳೇ ಸಾಕ್ಷಿ" ಎಂದ. ಮಧ್ಯಾಹ್ನದೊಳಗೆ ಹತ್ತು ಹನ್ನೆರಡು ಜನರಿಗೆ ಹೇಳಿದೆ. ಬಿರುಕು ಎಂದಾಗ ಒಬ್ಬನೂ ಎದುರು ಮಾತಾಡಿರಲಿಲ್ಲ. ಈಗ ಒಬ್ಬನೂ ನಂಬಲಿಲ್ಲ.

ಡ್ಯೂಯಿ ಕುರ್ಚಿಯಲ್ಲಿ ಟೊಪ್ಪಿಗೆ ಮುಖಕ್ಕೆ ಎಳೆದುಕೊಂಡು ಕೂತಿದ್ದ. "ಸಾಕು ಬಿಡು ವರ್ಜ್" ಎಂದ, ತಿಂಗಳಲ್ಲಿ ನನ್ನ ಜತೆ ಆಡಿದ ಮೊದಲ ಮಾತು ಅದು. "ಬಾಯಿ ಒಣಗ್ತಿದೆ. ಒಂದು ವರ್ನರ್ಸ್ ತಗೊಂಬಾ."

ನನಗೆ ಎಷ್ಟು ಖುಷಿಯಾಯಿತೆಂದರೆ ಬೀದಿ ದಾಟುವಾಗ ಎರಡೂ ಕಡೆ ನೋಡಲಿಲ್ಲ. ಅವನಿಗೊಂದು, ನನಗೊಂದು ಬಾಟಲಿ ತೆಗೆದುಕೊಂಡೆ. ಸಾಲು ಉದ್ದವಿತ್ತು. ತಿರುಗಿ ಬರುವಷ್ಟರಲ್ಲಿ ಕಾರುಗಳು ಮೆರವಣಿಗೆ ಹೊರಟಿದ್ದವು. ಶೆವೆಲ್ ನನ್ನ ಮುಂದೆಯೇ ಇಟ್ಟಿಗೆಗಳ ಮೇಲೆ ನಿಧಾನವಾಗಿ ಹಾದುಹೋಯಿತು. ಡ್ಯೂಯಿ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು ಬೆನ್ನು ನೆಟ್ಟಗೆ ಮಾಡಿ ಕೂತಿದ್ದ, ಮುಖ ಬೆಳಗುತ್ತಿತ್ತು. ಪಕ್ಕದ ಸೀಟಿನಲ್ಲಿ ಟ್ರೀನಾ ಇದ್ದಳು. ಅವಳು ನನ್ನನ್ನು ನೋಡಿ ಅರ್ಧ ಕೈ ಎತ್ತಿದಳು. ಅವನು ನೇರ ರಸ್ತೆ ನೋಡುತ್ತಿದ್ದ.

ಪಕ್ಕದಲ್ಲಿ ಮೊಮ್ಮಗಳನ್ನು ಎತ್ತಿಕೊಂಡು ನಿಂತಿದ್ದ ಹೆಂಗಸೊಬ್ಬಳು, "ಎಷ್ಟು ಚೆನ್ನಾಗಿದೆ ಕಾರು. ಯಾರದು, ಗೊತ್ತಾ?" ಎಂದು ಕೇಳಿದಳು.

"ನನ್ನ ತಮ್ಮಂದು" ಎಂದೆ. ಬಾಯಿಗೆ ಅಭ್ಯಾಸವಾಗಿಬಿಟ್ಟಿತ್ತು, ಮಿಕ್ಕದ್ದನ್ನೂ ಹೇಳಿದೆ. ಟೇಪು, ಕಟರ್, ಬಿರುಕು, ಮೂಲೆಯ ಟಾರ್ಪಾಲು, ಕಾಫಿ ಡಬ್ಬ. ಅವಳು ನಂಬರಿನ ವಿಷಯ ಒಂದು ಮಾತೂ ಕೇಳಲಿಲ್ಲ.

"ಹಾಗಾದ್ರೆ ಅಷ್ಟೂ ವರ್ಷ ಅವರು ಇದನ್ನ ಓಡಿಸ್ಲೇ ಇಲ್ವಾ?" ಎಂದಳು.

"ಇಲ್ಲ" ಎಂದೆ.

ಇಂಜಿನ್ನಿನ ದನಿ ಸೇತುವೆಯ ಕಡೆಗೆ ಹೋಗಿ ಬೇರೆ ದನಿಗಳಲ್ಲಿ ಕಲೆತುಹೋಯಿತು. ನಾನು ಎರಡು ಬಾಟಲಿ ಹಿಡಿದುಕೊಂಡು ನಿಂತೇ ಇದ್ದೆ.